ನಾಟಕದ ವೇಷಕ್ಕೆ ಅಗ್ಗದ ಬಟ್ಟೆ: ರಿಯಾಯಿತಿ ಅಂಗಡಿಯಲ್ಲಿ ಹೇಗೆ ಹುಡುಕುತ್ತೀರಿ?

ನಮ್ಮ ನಾಟಕದಲ್ಲಿ 12 ಪಾತ್ರ. ರಾಜ, ರಾಣಿ, ಒಂದು ದೆವ್ವ, ಮಿಕ್ಕ 9 ಜನ ಸೈನಿಕರು. ಹೊಲಿಗೆಯೆಲ್ಲ ನನ್ನದೇ, ದುಡ್ಡು ಮಾತ್ರ ಕಮ್ಮಿ. ರಿಯಾಯಿತಿ ಅಂಗಡಿಗೆ ಹೋದರೆ ಬಟ್ಟೆ ವಿಭಾಗದಲ್ಲಿ ಇದ್ದದ್ದೇ ನಾಲ್ಕು ಥಾನು, ಅದೂ ಹೂವಿನ ಪ್ರಿಂಟು. ಬರಿಗೈಯಲ್ಲಿ ಬಂದೆ. ಅನುಭವ ಇದ್ದವರು ಹೇಳಿ, ಇಂಥ ಅಂಗಡಿಯಲ್ಲಿ ಏನು ನೋಡಬೇಕು?

ಉತ್ತರ 1
ನೀವು ಬಟ್ಟೆ ವಿಭಾಗಕ್ಕೆ ಹೋದದ್ದೇ ತಪ್ಪು! ನಾನು ನೇರ ಬೆಡ್‌ಶೀಟಿನ ಕಡೆ ಹೋಗುತ್ತೇನೆ. 90×108 ಇಂಚಿನ ಒಂದು ಬೆಡ್‌ಶೀಟ್ ಅಂದರೆ 44 ಇಂಚು ಪನ್ನದ (ಅಂದರೆ ಅಗಲದ) ಬಟ್ಟೆ ಐದೂವರೆ ಮೀಟರ್ ಕೊಂಡ ಹಾಗೆ. ಪನ್ನ ದೊಡ್ಡದು, ಹಾಗಾಗಿ ಮೇಲಂಗಿಯ ಬೆನ್ನಿನ ಮಧ್ಯೆ ಜೋಡಣೆ ಬರುವುದಿಲ್ಲ. ಆದರೆ ಲೆಕ್ಕ ಹಾಕದೆ ಕೊಳ್ಳಬೇಡಿ. ಅಷ್ಟೇ ಬಟ್ಟೆಗೆ ಥಾನಿನಲ್ಲಿ ಎಷ್ಟಾಗುತ್ತದೆ ನೋಡಿ, ಒಮ್ಮೊಮ್ಮೆ ಥಾನೇ ಅಗ್ಗ ಇರುತ್ತದೆ. ಮೂಲೆಗೆ ಎಲಾಸ್ಟಿಕ್ ಇರುವ ಶೀಟು ಬೇಡ, ನಾಲ್ಕೂ ಮೂಲೆ ಸುಮ್ನೆ ವೇಸ್ಟು.

ಇನ್ನೊಂದು. ಕಾಟನ್ ಆದರೆ ಮೊದಲು ಒಗೆದು, ಒಣಗಿಸಿ, ಆಮೇಲೆ ಕತ್ತರಿ ಹಾಕಿ. ನೂರಕ್ಕೆ 5ರಷ್ಟು ಕುಗ್ಗಿದರೂ ಎರಡೂವರೆ ಮೀಟರಿನಲ್ಲಿ 12 ಸೆಂಟಿಮೀಟರಿಗಿಂತ ಜಾಸ್ತಿ ಹೋಯಿತು. ಹೊಲಿದ ಮೇಲೆ ಕುಗ್ಗಿದರೆ ಸೈನಿಕರ ಮೊಣಕಾಲು ಕಾಣುತ್ತದೆ.

ಉತ್ತರ 2
ರಾಜನಿಗೆ ಕಿಟಕಿಯ ಪರದೆ. ಬೇರೆ ಯೋಚನೆಯೇ ಬೇಡ. ದಪ್ಪ ಪರದೆಗೆ ತನ್ನದೇ ತೂಕ ಇರುತ್ತದೆ, ನಡೆದರೆ ಹಿಂದೆ ಗಂಭೀರವಾಗಿ ಎಳೆದುಕೊಂಡು ಬರುತ್ತದೆ. ತೆಳು ಬಟ್ಟೆಯ ಮೇಲಂಗಿ ಫ್ಯಾನಿನ ಗಾಳಿಗೇ ಹಾರುತ್ತದೆ. ಕೆಳಗಿನ ಅಂಚು ಮೊದಲೇ ಮಡಚಿ ಹೊಲಿದಿರುತ್ತದೆ, ಅರ್ಧ ಕೆಲಸ ಉಳಿಯಿತು. ಮೇಲ್ಗಡೆ ಕೋಲು ತೂರಿಸುವ ಜಾಗದಲ್ಲಿ ಒಂದು ದಾರ ಹಾಕಿ ಎಳೆದರೆ ಕುತ್ತಿಗೆ ಹತ್ತಿರ ನೆರಿಗೆ ತಾನಾಗಿ ಬರುತ್ತದೆ.

ಬೆಳಕು ತಡೆಯುವ ಪರದೆಯಾದರೆ ಹಿಂಬದಿ ಮುಟ್ಟಿ ನೋಡಿ. ಕೆಲವಕ್ಕೆ ರಬ್ಬರಿನಂಥ ಲೇಪ ಇರುತ್ತದೆ. ನಾನು ಗೊತ್ತಿಲ್ಲದೆ ಅದರ ಮೇಲೆ ಬಿಸಿ ಇಸ್ತ್ರಿ ಇಟ್ಟೆ. ಲೇಪ ಇಸ್ತ್ರಿ ಪೆಟ್ಟಿಗೆಗೆ ಅಂಟಿತು, ಪರದೆಯೂ ಹೋಯಿತು, ಪೆಟ್ಟಿಗೆಯೂ ಹೋಯಿತು. ಗುಂಡುಸೂಜಿ ಚುಚ್ಚಿದ ತೂತು ಕೂಡ ಅದರಲ್ಲಿ ಮುಚ್ಚುವುದಿಲ್ಲ. ಕ್ಲಿಪ್ ಹಾಕಿಕೊಳ್ಳಿ.

ಉತ್ತರ 3
ರಾಣಿಗೆ ವೆಲ್ವೆಟ್ ಸಿಕ್ಕರೆ ಒಂದು ಮಾತು: ಅದರ ಮೇಲಿನ ಸಣ್ಣ ಎಳೆಗಳು ಒಂದೇ ಕಡೆಗೆ ಒರಗಿರುತ್ತವೆ, ಹಾಗಾಗಿ ಎಲ್ಲ ತುಂಡೂ ಒಂದೇ ದಿಕ್ಕಿಗೆ ಕತ್ತರಿಸಿ. ಬಟ್ಟೆ ಉಳಿಸೋಣ ಅಂತ ನಾನು ಒಂದು ತೋಳನ್ನು ತಲೆಕೆಳಗು ಕತ್ತರಿಸಿದ್ದೆ. ಮನೆಯಲ್ಲಿ ಗೊತ್ತಾಗಲಿಲ್ಲ. ರಂಗದ ದೀಪ ಬಿದ್ದಾಗ ಒಂದು ತೋಳು ಕೆಂಪು, ಇನ್ನೊಂದು ಹೆಚ್ಚುಕಮ್ಮಿ ಕಪ್ಪು.

ಉತ್ತರ 4
ಇಂಥ ಅಂಗಡಿಯ ದೊಡ್ಡ ತೊಂದರೆ ಅಂದರೆ ಕಟ್ ಪೀಸಿಗೆ ಲೇಬಲ್ಲೇ ಇರುವುದಿಲ್ಲ. ಕಾಟನ್ನೋ ಪಾಲಿಯೆಸ್ಟರೋ ಅಂತ ಹೇಗೆ ತಿಳಿಯುವುದು? ಮೊದಲು ಒಂದೇ ಒಂದು ಸಣ್ಣ ತುಂಡು ತನ್ನಿ. ಅಂಚಿನಿಂದ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ ಬಂದರೆ ಕಾಟನ್. ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಜಾತಿ. ಕೂದಲು ಸುಟ್ಟ ವಾಸನೆ ಬಂತೋ, ಉಣ್ಣೆ ಇಲ್ಲವೇ ರೇಷ್ಮೆ. ಮತ್ತೆ ಓಡಿ ಹೋಗಿ ಉಳಿದದ್ದೆಲ್ಲ ತನ್ನಿ!

ಇಷ್ಟೆಲ್ಲ ಯಾಕೆ ಅಂದರೆ, ಬಣ್ಣ ಹಾಕುವ ಯೋಚನೆ ಇದ್ದರೆ ಇದು ಮುಖ್ಯ. ಕಾಟನ್ನಿಗೆ ಹಾಕುವ ಮಾಮೂಲಿ ಬಣ್ಣ ಪಾಲಿಯೆಸ್ಟರಿಗೆ ಹತ್ತುವುದಿಲ್ಲ. ಎರಡೂ ಬೆರೆತ ಬಟ್ಟೆಗೆ ಮಾಸಲು ಬಣ್ಣ ಬರುತ್ತದೆ, ದೆವ್ವಕ್ಕೆ ಅದೇ ಚೆಂದ ಅನ್ನಿ. ಬಿಳಿ ಪಾಲಿಯೆಸ್ಟರ್ ದಾರದಲ್ಲಿ ಹೊಲಿದು ಆಮೇಲೆ ಬಣ್ಣಕ್ಕೆ ಅದ್ದಿದರೆ ಹೊಲಿಗೆ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ, ಅದನ್ನೂ ನೆನಪಿಡಿ.

ಉತ್ತರ 5
ಸ್ಯಾಟಿನ್ ಮಾತ್ರ ಬೇಡ. ಅಗ್ಗದ ಸ್ಯಾಟಿನ್ ದೀಪದ ಕೆಳಗೆ ಅಗ್ಗವಾಗಿಯೇ ಕಾಣುತ್ತದೆ.

ಉತ್ತರ 6
ಮೇಲಿನವರ ಮಾತು ಪೂರ್ತಿ ಒಪ್ಪಲ್ಲ. ಸ್ಯಾಟಿನ್ ತಿರುಗಿಸಿ ಹೊಲಿಯಿರಿ. ಹಿಂಬದಿಗೆ ಅಷ್ಟು ಹೊಳಪಿಲ್ಲ, ನೋಡಲು ಚೆನ್ನಾಗಿರುತ್ತದೆ. ಹೊಳೆಯುವ ಕಡೆಯನ್ನು ಅಂಚಿನ ಪಟ್ಟಿಗೆ ಇಟ್ಟುಕೊಳ್ಳಿ. ಒಂದೇ ಬಟ್ಟೆಯಲ್ಲಿ ಎರಡು ಬಟ್ಟೆ ಸಿಕ್ಕಿತಲ್ವಾ?

ಥಾನು ಕೊಳ್ಳುವಾಗ ಪೂರ್ತಿ ಬಿಚ್ಚಿಸಿ ನೋಡಿ. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದ್ದರೆ ಅದು ಒಗೆದರೆ ಹೋಗುವುದಿಲ್ಲ. ಬೆಳಕಿಗೆ ಹಿಡಿದರೆ ಸಣ್ಣ ತೂತೂ ಗೊತ್ತಾಗುತ್ತದೆ. ಗಾಢ ಬಣ್ಣವಾದರೆ ಒದ್ದೆ ಬಿಳಿ ಕರವಸ್ತ್ರದಿಂದ ಒಂದು ಮೂಲೆ ಉಜ್ಜಿ. ಕರವಸ್ತ್ರಕ್ಕೆ ಹತ್ತಿದ್ದು ನಟನ ಕುತ್ತಿಗೆಗೂ ಹತ್ತುತ್ತದೆ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಹೋಗಿದ್ದೆ. ರಾಜನಿಗೆ ಕಡುಗೆಂಪು ಪರದೆ ಸಿಕ್ಕಿತು, ಹಿಂಬದಿ ಮುಟ್ಟಿಯೇ ತಂದೆ. ದೆವ್ವಕ್ಕೆ ಬಿಳಿ ನೆಟ್ ಪರದೆ. ಸೈನಿಕರಿಗೆ ಬೂದು ಬಣ್ಣದ ಬೆಡ್‌ಶೀಟ್ 5 ತಂದೆ. ಮನೆಗೆ ಬಂದು ಬಿಚ್ಚಿದರೆ ಮೂರು ಒಂದು ಬೂದು, ಎರಡು ಇನ್ನೊಂದು ಬೂದು! ಈಗ ಏನು ಮಾಡುವುದು?

ಉತ್ತರ 1
ಬೇರೆ ಬೇರೆ ಲಾಟಿನದು, ಅಂದರೆ ಬೇರೆ ಬೇರೆ ಸಲ ಬಣ್ಣ ಹಾಕಿದ್ದು ಇರಬೇಕು. ಒಬ್ಬನ ಅಂಗಿಯಲ್ಲಿ ಎರಡನ್ನೂ ಬೆರೆಸಬೇಡಿ, ಅದು ತಪ್ಪಿನಂತೆ ಕಾಣುತ್ತದೆ. ಮೂರು ಶೀಟಿನಲ್ಲಿ ಒಂಬತ್ತೂ ಜನರ ಅಂಗಿ ಬರುತ್ತದಾ ಅಂತ ಹಳೇ ಪೇಪರ್ ಕತ್ತರಿಸಿ, ಶೀಟಿನ ಮೇಲೆ ಹರಡಿ ನೋಡಿ. ಬಂದರೆ ಇನ್ನೆರಡರಲ್ಲಿ ಎಲ್ಲರಿಗೂ ಪ್ಯಾಂಟು ಆಗಲಿ. ಬೇಕು ಅಂತಲೇ ಮಾಡಿದ ಹಾಗಿರುತ್ತದೆ.

ಕೇಳಿದವರು
ಇದು ಹೊಳೆದೇ ಇರಲಿಲ್ಲ! ಇನ್ನು ಎದೆಗವಚ ಒಂದು ಬಾಕಿ. ಬಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಿಲ್ಲ.

ಉತ್ತರ 3
ಅದೇ ಅಂಗಡಿಯಲ್ಲಿ ಮಕ್ಕಳು ಆಡಲು ನೆಲಕ್ಕೆ ಹಾಸುವ ಫೋಮ್ ಮ್ಯಾಟ್ ನೋಡಿ. ಹರಿತವಾದ ಬ್ಲೇಡಿನಲ್ಲಿ ಸಲೀಸಾಗಿ ಕತ್ತರಿಸಬಹುದು. ಬಿಸಿ ಗಾಳಿ ಹಿಡಿದು ಬಗ್ಗಿಸಿ, ಆರುವ ತನಕ ಹಾಗೇ ಹಿಡಿದರೆ ಆ ಆಕಾರ ನಿಲ್ಲುತ್ತದೆ. ಕಿಟಕಿ ತೆರೆದಿಟ್ಟು ಮಾಡಿ, ವಾಸನೆ ಬರುತ್ತದೆ.