110 ಮನೆಯ ಪೇಪರ್ ಲೈನ್: ಮೊದಲ ವಾರ ಎಡವದಿರಲು

ಪ್ರಶ್ನೆ: ಶಿವಮೊಗ್ಗ, ಬಿ.ಕಾಂ. ಮೊದಲ ವರ್ಷ, ವಯಸ್ಸು 18. ಪಾಕೆಟ್ ಮನಿಗೆ ಅಂತ ಒಂದನೇ ತಾರೀಖಿನಿಂದ 110 ಮನೆಯ ಲೈನ್ ಒಪ್ಪಿಕೊಂಡಿದ್ದೇನೆ. ಸೈಕಲ್ ಇದೆ. ಆರೂವರೆಯೊಳಗೆ ಮುಗಿಯಬೇಕಂತೆ, ಮಳೆಗಾಲ ಬೇರೆ. ಎಂಟನೇ ಕ್ಲಾಸಿನ ತಮ್ಮನೂ ಬರ್ತೀನಿ ಅಂತಾನೆ. ಚಿಕ್ಕಂದಿನಲ್ಲಿ ಪೇಪರ್ ಹಾಕಿದವರು, ಏಜೆಂಟರು ಯಾರಾದರೂ ಇದ್ದರೆ ಹೇಳಿಕೊಡಿ.

ಹಳೇ ಲೈನ್ ಹುಡುಗ, ದಾವಣಗೆರೆ:
ತಮ್ಮಾ, ಹೊಸಬರಿಗೆ ಹೊತ್ತು ಹೋಗೋದು ಸೈಕಲ್ ತುಳಿಯೋಕಲ್ಲ, ಗೇಟಿನ ಮುಂದೆ ನಿಂತು ‘ಈ ಮನೆಗೆ ಯಾವ ಪೇಪರ್’ ಅಂತ ತಡಕಾಡೋಕೆ. ಹಳೇ ಹುಡುಗ ಬಿಡೋ ಮುಂಚೆ ಎರಡು ದಿನ ಅವನ ಹಿಂದೆ ಹೋಗು. ಜೇಬಿಗೆ ಹಿಡಿಯೋ ಪುಸ್ತಕದಲ್ಲಿ ಮನೆಗೊಂದು ಸಾಲು: ಗೇಟಿನ ಗುರುತು, ಎಷ್ಟನೇ ಮಹಡಿ, ಯಾವ ಪೇಪರ್, ಭಾನುವಾರ ಮಾತ್ರವಾ. ಪ್ರಜಾವಾಣಿಗೆ ಪ್ರ, ವಿಜಯ ಕರ್ನಾಟಕಕ್ಕೆ ವಿಕ, ಉದಯವಾಣಿಗೆ ಉ, ಡೆಕ್ಕನ್ ಹೆರಾಲ್ಡ್‌ಗೆ ಡಿಎಚ್ ಸಾಕು. ಪೆನ್ಸಿಲಲ್ಲೇ ಬರಿ. ಪೆನ್ನಿನ ಶಾಯಿ ಮಳೆಗೆ ಹರಡುತ್ತೆ, ಗಿರಾಕಿಗಳೂ ಪೇಪರ್ ಬದಲಾಯಿಸ್ತಾ ಇರ್ತಾರೆ.

110ನ್ನೂ ಮನೆ ಪ್ರಕಾರ ಜೋಡಿಸೋಕೆ ಹೋಗಬೇಡ. 70 ಮನೆಗೆ ಒಂದೇ ಪೇಪರ್ ಅಂತಿಟ್ಕೋ, ಆ ಕಟ್ಟು ಹಾಗೇ ಕ್ಯಾರಿಯರ್ ಮೇಲಿರಲಿ. ಉಳಿದ 40 ಚಿಲ್ಲರೆ ಪೇಪರನ್ನು ಮಾತ್ರ ಮನೆ ಕ್ರಮಕ್ಕೆ ಜೋಡಿಸಿ ಹ್ಯಾಂಡಲ್ ಚೀಲಕ್ಕೆ ಹಾಕು. ಕೊನೇ ಮನೆಯದು ಅಡಿಗೆ, ಮೊದಲನೆಯದು ಮೇಲೆ. ಹೊರಡೋ ಮುಂಚೆ ಬಂಡಲ್ ಚೀಟಿಯಲ್ಲಿರೋ ಸಂಖ್ಯೆಗೆ ಸರಿಯಾಗಿದೆಯಾ ಅಂತ ದೀಪದ ಕೆಳಗೆ ಮಡಿಕೆ ಕಡೆಯಿಂದ ಐದೈದು ಎಣಿಸು. ಕಡಿಮೆ ಬಂದಿದ್ದರೆ ಅಲ್ಲೇ ಹೇಳಬೇಕು. ಬೀದಿ ಸುತ್ತಿ ಬಂದ ಮೇಲೆ ಹೇಳಿದರೆ ಯಾರೂ ನಂಬಲ್ಲ.

ಏಜೆಂಟ್, ಮೈಸೂರು:
ಮೇಲಿನವರು ಹೇಳಿದ್ದು ಸರಿ, ತೂಕದ್ದು ಸೇರಿಸ್ತೀನಿ. 16 ಪುಟದ ಪೇಪರ್ ಒಂದು ಸುಮಾರು 70 ಗ್ರಾಂ, 110ಕ್ಕೆ ಏಳೂವರೆ ಕೆ.ಜಿ. 8 ಪುಟದ ಪುರವಣಿ ಬಂದ ದಿನ ಇನ್ನೂ ನಾಲ್ಕು ಕೆ.ಜಿ. ಹತ್ತಿರ. ಅದೆಲ್ಲ ಹ್ಯಾಂಡಲ್ಲಿಗೆ ನೇತು ಹಾಕಿದರೆ ತಿರುವಿನಲ್ಲಿ ಸೈಕಲ್ ಎಳೆದುಕೊಂಡು ಹೋಗುತ್ತೆ. ಮೂರು ಕೆ.ಜಿ. ಮೇಲೆ ಬೇಡ.

ಪುರವಣಿ ಇರೋ ದಿನ 20 ನಿಮಿಷ ಮುಂಚೆ ಬನ್ನಿ. ಪುರವಣಿಯ ಮಡಿಕೆ ಪೇಪರಿನ ಮಡಿಕೆಗೆ ತಾಗೋವರೆಗೆ ಒಳಗೆ ಹೋಗಬೇಕು. ಅರ್ಧಕ್ಕೆ ನಿಲ್ಲಿಸಿದ್ದೇ ಎಸೆದಾಗ ಜಾರಿ ರಸ್ತೆಗೆ ಬೀಳೋದು. ಪಾಂಪ್ಲೆಟ್ ಇದ್ದರೆ ಅದು ಪುರವಣಿಯೊಳಗೆ, ಪುರವಣಿ ಪೇಪರಿನೊಳಗೆ. ಪಾಂಪ್ಲೆಟ್ ಹಾಕೋಕೆ ಬೇರೆ ದುಡ್ಡು ಬರುತ್ತೆ, ನಿಮ್ಮ ಪಾಲೆಷ್ಟು ಅಂತ ಮೊದಲೇ ಕೇಳಿ. (ಕೇಳದಿದ್ದರೆ ನಾವು ಏಜೆಂಟರು ತಾನಾಗಿ ಹೇಳೋದು ಅಪರೂಪ!)

ಎಸೆಯೋಕೆ ಮಡಿಸೋದು: ಅಡ್ಡಕ್ಕೆ ಒಂದು ಸಲ, ಆಮೇಲೆ ಮೂರು ಪಾಲು ಮಾಡಿ, ಬಿಚ್ಚಿದ ತುದಿಯನ್ನು ಮಡಿಕೆಯ ಸಂದಿಗೆ ತೂರಿಸಿ ಒಮ್ಮೆ ಒತ್ತಿ. ನೆಲಮಹಡಿಗೆ ಅಷ್ಟು ಸಾಕು, ಒಂದನೇ ಮಹಡಿಗೆ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಎರಡನೇ ಮಹಡಿಗೆ ಎಸೀಬೇಡಿ, ಹತ್ತಿ ಹೋಗಿ. ಕಿಟಕಿ ಗಾಜಿನ ದುಡ್ಡು ತಿಂಗಳ ಸಂಬಳ ನುಂಗುತ್ತೆ.

ಗಿರಾಕಿ ಕಡೆಯಿಂದ, ಸಾಗರ:
ಒಂದು ಮಾತು. ಐದೂಮುಕ್ಕಾಲು ಆರಕ್ಕೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡೋ ಮನೆಗಳಿವೆ. ಒದ್ದೆ ನೆಲಕ್ಕೆ ಬಿದ್ದ ಪೇಪರ್ ಅಡಿಯಿಂದ ನೆನೆಯುತ್ತೆ, ರಂಗೋಲಿಯೂ ಕೆಡುತ್ತೆ, ಬೈಗುಳ ಖಾತ್ರಿ. ಅಂಥ ಮನೆಗೆ ಪುಸ್ತಕದಲ್ಲಿ ‘ರಂ’ ಅಂತ ಬರೆದು ಗ್ರಿಲ್ಲಿಗೆ ಸಿಕ್ಕಿಸಿ. ಹಾಲಿನ ಪ್ಯಾಕೆಟ್ ಚೀಲಕ್ಕಂತೂ ಹಾಕಲೇಬೇಡಿ, ಪ್ಯಾಕೆಟ್ ಬೆವರಿ ಮುಖಪುಟ ಹಿಟ್ಟಾಗುತ್ತೆ.

ಮಲೆನಾಡಿನ ಮಳೆಗೆ ಪ್ಲಾಸ್ಟಿಕ್ ಕವರ್‌ಗಿಂತ ಪೈಪ್ ಒಳ್ಳೇದು. 4 ಇಂಚಿನ ಪಿ.ವಿ.ಸಿ. ಪೈಪನ್ನು 14 ಇಂಚಿಗೆ ಕತ್ತರಿಸಿ, ಬೀದಿ ಕಡೆಯ ಬಾಯಿ ಸ್ವಲ್ಪ ತಗ್ಗಿರೋ ಹಾಗೆ ಗೇಟಿಗೆ ತಂತಿಯಲ್ಲಿ ಬಿಗಿದರೆ ನೀರು ಒಳಗೆ ನಿಲ್ಲಲ್ಲ. ಗಿರಾಕಿಗಳಿಗೆ ಹೇಳಿ ನೋಡಿ, ಹತ್ತರಲ್ಲಿ ನಾಲ್ಕು ಜನ ಹಾಕಿಸಿದರೂ ಅಷ್ಟು ಕೆಲಸ ಕಡಿಮೆ. ಪೇಪರ್ ಚೀಲಕ್ಕೆ ಗೊಬ್ಬರದ ಚೀಲ ಹೊದಿಸೋದಾದರೆ ಎರಡು ಸಲ ತೊಳೆದು ಒಣಗಿಸಿ. ಯೂರಿಯಾ ಕಾಳು ಉಳಿದಿದ್ದರೆ ಅದೇ ತೇವ ಎಳೆಯುತ್ತೆ.

ಹಳೇ ಲೈನ್ ಹುಡುಗ, ದಾವಣಗೆರೆ:
ನಾಯಿ ಬಂದರೆ ಜೋರಾಗಿ ತುಳೀಬೇಡ, ಅಟ್ಟಿಸಿಕೊಂಡು ಬರುತ್ತೆ. ಇಳಿದು ಸೈಕಲ್ಲನ್ನು ನಡುವೆ ಇಟ್ಕೊಂಡು ನಡಿ.

ಲೆಕ್ಕದವರು, ಹುಬ್ಬಳ್ಳಿ:
ರೊಕ್ಕದ ಮಾತು ಯಾರೂ ಆಡಿಲ್ಲ. ಪೇಪರ್ ಹಾಕೂದು ಬ್ಯಾರೆ, ಬಿಲ್ ವಸೂಲಿ ಬ್ಯಾರೆ. ವಸೂಲಿನೂ ನಿಮಗ ಹಚ್ಚಿದ್ರ ಬಾಕಿ ಉಳಿಸಿದವರ ರೊಕ್ಕ ಯಾರ ತಲಿ ಮ್ಯಾಲ ಬರ್ತದ ಅಂತ ಮೊದಲ ಕೇಳ್ರಿ. ಪಗಾರದಾಗ ಕಡೀತೀನಿ ಅಂದ್ರ ವಸೂಲಿ ಒಲ್ಲೆ ಅನ್ರಿ.

ಬಿಲ್ ಹಿಂಗ ಮಾಡ್ರಿ: ವಾರದ ದಿನ 6 ರೂಪಾಯಿ, ರವಿವಾರ 7 ಅಂತ ಹಿಡೀರಿ. 30 ದಿನ, 4 ರವಿವಾರ ಇದ್ರ 26×6=156, 4×7=28, ಒಟ್ಟು 184. ಇದರಾಗ ಪೇಪರ್ ಬರದ ದಿನ ಕಳೀಬೇಕು. ಜನವರಿ 26, ಆಗಸ್ಟ್ 15ರ ಮರುದಿನ ಸಾಮಾನ್ಯವಾಗಿ ಪೇಪರ್ ಇರೂದಿಲ್ಲ. ದೊಡ್ಡ ಹಬ್ಬದ ರಜಾ ಇದ್ರ ಹಿಂದಿನ ದಿನದ ಪೇಪರ್‌ನ್ಯಾಗ ಹಾಕಿರ್ತಾರ. ಊರಿಗೆ ಹೊಂಟವರು ‘ನಾಲ್ಕು ದಿನ ಬ್ಯಾಡ’ ಅಂದಿದ್ದನ್ನ ಅವತ್ತ ಬರಕೋರಿ. ಜಗಳ ಬರೂದೆಲ್ಲಾ ಅದರಿಂದನ.

ಏಜೆಂಟ್, ಮೈಸೂರು:
ತಮ್ಮನ ವಿಷಯ: ಬೇಡ. ಹಿಂದೆ ಆರು ಏಳನೇ ಕ್ಲಾಸಿನ ಹುಡುಗರೇ ಲೈನ್ ಹಾಕ್ತಿದ್ದರು ಅನ್ನೋದು ನಿಜ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ತುಂಬದವರನ್ನು ಏಜೆಂಟ್ ಕೆಲಸಕ್ಕೆ ಇಟ್ಟುಕೊಳ್ಳೋ ಹಾಗಿಲ್ಲ. 14ರಿಂದ 18ರವರಿಗೂ ಸಂಜೆ 7ರಿಂದ ಬೆಳಗ್ಗೆ 8ರ ನಡುವೆ ಕೆಲಸ ಕೊಡೋದನ್ನು ಅದೇ ಕಾಯ್ದೆ ತಡೆಯುತ್ತೆ. ಪೇಪರ್ ಹಾಕೋ ಹೊತ್ತೇ ಅದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ತಮ್ಮನಿಗೆ ಹೇಳ್ತೀನಿ. ಲೈನಲ್ಲಿ ನಾಲ್ಕು ಮಹಡಿ ಅಪಾರ್ಟ್‌ಮೆಂಟೂ ಒಂದಿದೆ, 22 ಪೇಪರ್. ಅದನ್ನು ಮೊದಲು ಮಾಡಲಾ, ಕೊನೆಗಾ?

ಹಳೇ ಲೈನ್ ಹುಡುಗ, ದಾವಣಗೆರೆ:
ಕೊನೆಗೆ. ಬೀದಿ ಮನೆಯವರು ಗೇಟಲ್ಲಿ ಕಾಯ್ತಾ ನಿಂತಿರ್ತಾರೆ. ಅಪಾರ್ಟ್‌ಮೆಂಟಿನ 22ನ್ನು ಬೇರೆ ಕಟ್ಟು ಮಾಡಿ ನಾಲ್ಕನೇ ಮಹಡಿಯದು ಮೇಲಿಟ್ಕೋ. ಲಿಫ್ಟಲ್ಲಿ ಹತ್ತು, ಮೆಟ್ಟಿಲಲ್ಲಿ ಹಾಕ್ತಾ ಇಳಿ. ಸೈಕಲ್ಲಿಗೆ ಬೀಗ ಮರೀಬೇಡ.