ಕೇಮನ್‌ಗೆ ಟ್ರ್ಯಾಕ್ ಡೇ ಟೈರ್: 18 ಇಂಚಾ, 19 ಇಂಚಾ? ಅನುಭವ ಇದ್ದವರು ಹೇಳಿ

ತಿಲಕವಾಡಿ ಕೇಮನ್:
ಎಲ್ಲರಿಗೂ ನಮಸ್ಕಾರ. ಗಾಡಿ 2014ರ ಪೋರ್ಷ ಕೇಮನ್ 981, ಸೆಕೆಂಡ್ ಹ್ಯಾಂಡ್. ಐದು ಬೋಲ್ಟ್, ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ಅಡ್ಡಳತೆ) 130 ಮಿ.ಮೀ. ಈಗಿರುವುದು 19 ಇಂಚಿನ ವ್ಹೀಲ್. ಟೈರ್ ಮುಂದೆ 235/40 (ಅಗಲ 235 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 40 ಪಾಲು), ಹಿಂದೆ 265/40. ಟೈರ್ ಮೇಲೆ ಡಾಟ್ ನಂಬರ್ 3118, ಅಂದರೆ 2018ರ 31ನೇ ವಾರದ್ದು. ಟ್ರೆಡ್ ಇನ್ನೂ ಇದೆ, ರಬ್ಬರ್ ಮಾತ್ರ ಕಲ್ಲಾಗಿದೆ.

ಜನವರಿಯಲ್ಲಿ ಇರುಂಗಾಟ್ಟುಕೋಟೆಯ ಮದ್ರಾಸ್ ಸರ್ಕ್ಯೂಟ್‌ನಲ್ಲಿ ಟ್ರ್ಯಾಕ್ ಡೇಗೆ, ಅಂದರೆ ನಮ್ಮ ಗಾಡಿಯನ್ನೇ ರೇಸ್ ಟ್ರ್ಯಾಕ್ ಮೇಲೆ ಓಡಿಸುವ ದಿನಕ್ಕೆ, ಹೆಸರು ಕೊಟ್ಟಿದ್ದೇನೆ. ಮೊದಲ ಸಲ. ಲಾರಿ ಮೇಲೆ ಹಾಕಿ ಕಳಿಸುವುದಿಲ್ಲ, ಓಡಿಸಿಕೊಂಡೇ ಹೋಗುತ್ತೇನೆ. ಬೆಳಗಾವಿಯ ಎನ್‌ಎಚ್ 48 ಹಿಡಿದರೆ ಅದೇ ರೋಡು ಶ್ರೀಪೆರಂಬದೂರು ಮುಟ್ಟಿಸುತ್ತದೆ, ಸುಮಾರು 850 ಕಿ.ಮೀ. ಬಜೆಟ್ 3 ಲಕ್ಷ. ಮನೆಯಲ್ಲಿ ಹೇಳಿರುವುದು ಒಂದೂವರೆ.

ಪ್ರಶ್ನೆ ಎರಡೇ. 19 ಇಂಚಿನಲ್ಲೇ ಇದ್ದು ಒಳ್ಳೆಯ ರೋಡ್ ಟೈರ್ ಹಾಕಿಸಲಾ, ಇಲ್ಲ 18ಕ್ಕೆ ಇಳಿದು (235/45, 265/45) ಟ್ರ್ಯಾಕ್‌ಗೆ ಅಂತಲೇ ಬೇರೆ ಸೆಟ್ ಮಾಡಲಾ? ಪೋರ್ಷದವರು ಒಪ್ಪಿದ ಟೈರ್ ಅಂತ ತೋರಿಸುವ ಎನ್ ಮಾರ್ಕ್ ಇರಲೇಬೇಕಾ?

ಉದ್ಯಮಬಾಗ ಎರಕ:
ವ್ಹೀಲ್ ಮಾತು ಬಂದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಫೌಂಡ್ರಿಯಲ್ಲಿ 22 ವರ್ಷ ಆಯಿತು. ನನ್ನದು ಆಕ್ಟೇವಿಯಾ ಆರ್‌ಎಸ್ 245. ಇಂಡಿಯಾಕ್ಕೆ ಬಂದ 200ರಲ್ಲಿ ಒಂದು.

ಮೊದಲು ನಾನೂ ಬುದ್ಧಿಗೇಡಿ ಕೆಲಸ ಮಾಡಿದೆ. ಒಂದು ದೊಡ್ಡ ಹೆಸರಿನ ಡಿಸೈನ್ ಕದ್ದು ಮಾಡಿದ ನಕಲಿ ವ್ಹೀಲ್ ತಗೊಂಡೆ, ನಾಲ್ಕಕ್ಕೆ 46,000. ನೋಡಲು ಏನ್ ಚಂದ ಇತ್ತು! ಚೋರ್ಲಾ ಘಾಟ್‌ನಲ್ಲಿ ಒಂದೇ ಒಂದು ಹೊಂಡ. ಶಬ್ದ ಬಂತು, ಇಳಿದು ನೋಡಿದೆ, ಏನೂ ಆಗಿರಲಿಲ್ಲ. ಮರುದಿನ ಬೆಳಿಗ್ಗೆ 33 ಇದ್ದ ಗಾಳಿ 21. ತುಂಬಿಸಿದೆ, ಮತ್ತೆ ಇಳಿಯಿತು. ಟೈರ್ ಅಂಗಡಿಯವನು ವಾಲ್ವ್ ಬದಲಿಸಿದ. ಎರಡು ಸಲ. ಎರಡೂ ಸಲ ದುಡ್ಡು ತಗೊಂಡ. ಕೊನೆಗೆ ನಾನೇ ಮನೆಯ ಹಿಂದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದೆ. ರಿಮ್ಮಿನ ಒಳಬದಿಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು, ಅಲ್ಲಿಂದ ಗುಳ್ಳೆ.

ಕೆಲಸದ ಜಾಗಕ್ಕೆ ಒಯ್ದು ಕೊಯ್ದೆ. ಒಳಗೆ ಬ್ಲೋ ಹೋಲ್‌ಗಳು, ಸಾಬೂದಾನಿ ಚೆಲ್ಲಿದ ಹಾಗೆ. ಎರಕ ಹೊಯ್ಯುವಾಗ ಗ್ಯಾಸ್ ಹೊರಗೆ ಹೋಗದಿದ್ದರೆ ಹೀಗಾಗುತ್ತದೆ. ನಮ್ಮಲ್ಲಿ ಇಂಥ ಪೀಸ್ ಬಂದರೆ ಗೇಟ್ ದಾಟುವುದಿಲ್ಲ. ತೂಕ ಮಾಡಿದರೆ ಒಂದೊಂದು 11.9 ಕೆ.ಜಿ.

ಆಮೇಲೆ ಫ್ಲೋ ಫಾರ್ಮ್ ವ್ಹೀಲ್ ತಗೊಂಡೆ. ಮೊದಲು ಎರಕ ಹೊಯ್ದು, ಆಮೇಲೆ ಬಿಸಿ ಇರುವಾಗಲೇ ತಿರುಗಿಸುತ್ತಾ ರೋಲರ್ ಒತ್ತಿ ರಿಮ್ಮನ್ನು ಎಳೆಯುತ್ತಾರೆ. ತೆಳ್ಳಗಾಗುತ್ತದೆ, ಗಟ್ಟಿಯೂ ಆಗುತ್ತದೆ. 18 ಇಂಚಿನದು 8.7 ಕೆ.ಜಿ. ನಾಲ್ಕಕ್ಕೆ 1,42,000. ಜೊತೆಗೆ ಹಬ್ ರಿಂಗ್, ಹಬ್ಬಿಗೂ ವ್ಹೀಲಿನ ತೂತಿಗೂ ನಡುವಿನ ಸಂದು ತುಂಬುವ ಬಳೆ. ನಮ್ಮ ಹಬ್ 57.1, ವ್ಹೀಲಿನ ತೂತು ದೊಡ್ಡದು. ಅವರು ಪುಕ್ಕಟೆ ಕೊಟ್ಟ ಪ್ಲಾಸ್ಟಿಕ್ ರಿಂಗ್ ಮೊದಲ ಟ್ರ್ಯಾಕ್ ಡೇಗೇ ಬ್ರೇಕಿನ ಬಿಸಿಗೆ ಕರಗಿ ಬೆಲ್ಲದ ಪಾಕ ಆಯಿತು. ಅಲ್ಯೂಮಿನಿಯಂ ರಿಂಗ್‌ಗೆ ಮತ್ತೆ 3,200. ಈ ಸೆಟ್ಟನ್ನು ನಾನು ಸಾಯುವವರೆಗೂ ಮಾರುವುದಿಲ್ಲ. ವ್ಹೀಲ್ ಮೇಲೆ ಜೆಡಬ್ಲ್ಯುಎಲ್ (ಜಪಾನಿನ ಅಲಾಯ್ ವ್ಹೀಲ್ ಗುಣಮಟ್ಟದ) ಗುರುತು ಇಲ್ಲದಿದ್ದರೆ ಮುಟ್ಟಲೇಬೇಡಿ. ಟೈರ್ ಆಮೇಲಿನ ಮಾತು.

ಬಾಗಲಕೋಟೆ ಟಿಎಸ್‌ಐ:
3 ಲಕ್ಷದ ಟೈರಾ? ಅಣ್ಣಾ, ನಾನು ಪೋಲೊ ಜಿಟಿ ತಗೊಂಡು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೋಗಿ ಬಂದೆ. ಲೆಕ್ಕ ಬರೆದಿಟ್ಟಿದ್ದೇನೆ. ಮುಂದಿನ ಎರಡು ಟೈರ್ 17,800. ಅಲೈನ್‌ಮೆಂಟ್ 900. ಬ್ರೇಕ್ ಪ್ಯಾಡ್ 6,400. ಬ್ರೇಕ್ ಆಯಿಲ್ 1,100. ಗಾಳಿ ನೋಡುವ ಗೇಜ್ 1,650. ಲಾಡ್ಜ್ ಎರಡು ರಾತ್ರಿ 3,600. ಒಟ್ಟು 31,450. ಕಂಪನಿಯ ವ್ಹೀಲ್, ಸಾದಾ ರೋಡ್ ಟೈರ್.

ತಪ್ಪು ಆಗಿದ್ದು ಗಾಳಿಯಲ್ಲಿ. ಬೆಳಿಗ್ಗೆ ತಣ್ಣಗಿರುವಾಗ 33 ಇಟ್ಟು ಇಳಿದೆ. ನಾಲ್ಕು ಲ್ಯಾಪ್ ಮುಗಿಸಿ ಬಂದರೆ 42. ಸ್ಟೀರಿಂಗ್ ಬೆಣ್ಣೆ ಮೇಲೆ ಇಟ್ಟ ಹಾಗೆ. ಪಕ್ಕದ ಗ್ಯಾರೇಜ್‌ನ ಹುಡುಗ ನೋಡಿ ನಕ್ಕ. ಬಿಸಿ ಇರುವಾಗಲೇ 35ಕ್ಕೆ ಇಳಿಸಿಕೊಟ್ಟ. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು ಕಳಿಸಿದ, ಎಷ್ಟು ಮಗುಚುತ್ತದೆ ನೋಡಲು. ಸುಣ್ಣ ಪಕ್ಕದ ಗೋಡೆಯವರೆಗೂ ಅಳಿಸಿತ್ತು. ಮುಂದಿನ ಎರಡೂ ಟೈರಿನ ಹೊರ ಅಂಚು ಒಂದೇ ದಿನಕ್ಕೆ ಬೋಳು, ನಡುವೆ ಮಾತ್ರ ಹೊಸದರ ಹಾಗೆ ಟ್ರೆಡ್. ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಇಲ್ಲದ, ಮುಂದಿನ ಚಕ್ರ ಎಳೆಯುವ ಗಾಡಿಯ ಹಣೆಬರಹ.

ಇನ್ನೊಂದು ಹೇಳಲೇಬೇಕು. ಸಂಜೆ ಹೊರಡುವಾಗ ಗಾಳಿ ತಿರುಗಿ ತುಂಬಿಸಲು ಮರೆತೆ. ರಾತ್ರಿ ಸೇಲಂ ಹತ್ತಿರ ಚಹಾಕ್ಕೆ ನಿಂತಾಗ ನೋಡಿದರೆ 26. ಅದರಲ್ಲೇ 120ರಲ್ಲಿ ಬಂದಿದ್ದೆ! ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಗೇಜ್ ತಗೊಳ್ಳಿ. ಉಳಿದದ್ದೆಲ್ಲ ಶೋಕಿ.

ವಿಜಯಪುರ ಡಾಕ್ಟರ್:
ಪೋಲೊ ಅನುಭವ 3 ಲಕ್ಷದ ಪ್ರಶ್ನೆಗೆ ಉತ್ತರ ಆಗುವುದಿಲ್ಲ. ಎರಡು ಸೆಟ್ ಮಾಡಿದವನು ಹೇಳುತ್ತೇನೆ, ಕೇಳಿ.

ಗಾಡಿ ಬಿಎಂಡಬ್ಲ್ಯು ಎಂ2 ಕಾಂಪಿಟಿಷನ್. ಮುಂದೆ 245/35, ಹಿಂದೆ 265/35, 19 ಇಂಚು. 180 ಟ್ರೆಡ್‌ವೇರ್‌ನ (ಸವೆತದ ನಂಬರ್, ಕಡಿಮೆ ಇದ್ದಷ್ಟೂ ಬೇಗ ಸವೆಯುತ್ತದೆ) ಟ್ರ್ಯಾಕ್ ಟೈರ್ ಬೇಕು ಅಂತ ಹಟ ಹಿಡಿದೆ. 2020ರ ಜೂನ್‌ನಲ್ಲಿ ಸರ್ಕಾರ ಟೈರ್ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿತಲ್ಲ, ಆಮೇಲಿಂದ ಇಂಥ ಸೈಜ್ ಹುಡುಕುವುದು ಹೆಣ್ಣು ಹುಡುಕಿದ ಹಾಗೆ. ಮುಂದಿನ ಜೋಡಿ ಒಂದು ಊರಲ್ಲಿ, ಹಿಂದಿನ ಜೋಡಿ ಇನ್ನೊಂದು ಊರಲ್ಲಿ. ಏಳು ವಾರ ಕಾದೆ. ಟೈರ್ 1,96,000. ಎರಡನೇ ವ್ಹೀಲ್ ಸೆಟ್ 1,60,000. ಗಾಳಿ ಸೆನ್ಸರ್ ನಾಲ್ಕು, 30,000. ಒಟ್ಟು 3,86,000.

ಎಂ2 ಡಿಕ್ಕಿಯಲ್ಲಿ ನಾಲ್ಕು ಚಕ್ರ ಹಿಡಿಯುವುದಿಲ್ಲ. ಹಾಗಾಗಿ ಟ್ರ್ಯಾಕ್ ಟೈರ್ ಹಾಕಿಕೊಂಡೇ ವಿಜಯಪುರದಿಂದ ಹೊರಟೆ. ಹೊಸಪೇಟೆ, ಚಿತ್ರದುರ್ಗ, ಬೆಂಗಳೂರು, ಎಲ್ಲ ಸರಿ. ವೆಲ್ಲೂರು ದಾಟಿದ ಮೇಲೆ ಮಳೆ ಹಿಡಿಯಿತು. ಆ ಟೈರಿನಲ್ಲಿ ನೀರು ಹೊರಗೆ ಹಾಕುವ ಗೀರು ಕಡಿಮೆ. ರೋಡ್ ಮೇಲೆ ನಿಂತ ನೀರಿನಲ್ಲಿ 90ಕ್ಕೆ ಸ್ಟೀರಿಂಗ್ ಹಗುರ ಆಯಿತು. ಗಾಡಿ ಪೂರ್ತಿ ಒಂದು ಲೇನ್ ಪಕ್ಕಕ್ಕೆ ತೇಲಿತು. ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಮುಂದಿನ ಅಷ್ಟೂ ದೂರ 50ರಲ್ಲಿ, ಟಿವಿಎಸ್ ಮೊಪೆಡ್‌ಗಳಿಗೆ ದಾರಿ ಬಿಡುತ್ತಾ ಹೋದೆ.

ಟ್ರ್ಯಾಕ್ ಮೇಲೆ ಮಾತ್ರ, ರೀ, ಆ ಹಿಡಿತ! ಮೊದಲ ಲ್ಯಾಪ್ ಬಿಸಿಯಾಗಲು ಬಿಡಬೇಕು. ಎರಡನೆಯದಕ್ಕೆ ರೋಡಿಗೆ ಅಂಟಿಸಿದ ಹಾಗೆ. ದುಃಖ ಏನೆಂದರೆ ಆಮೇಲೆ ಸೆಟ್ಟನ್ನು ಟೆರೇಸ್ ಮೇಲಿನ ತಗಡಿನ ಶೆಡ್‌ನಲ್ಲಿ ಇಟ್ಟೆ. ವಿಜಯಪುರದ ಬೇಸಿಗೆ ಗೊತ್ತಲ್ಲ. ಮುಂದಿನ ವರ್ಷ ತೆಗೆದರೆ ಖಡಕ್ ರೊಟ್ಟಿ. ಎರಡೇ ಟ್ರ್ಯಾಕ್ ಡೇ ಮಾಡಿದ್ದು. ಆದರೂ ಬೇರೆ ಸೆಟ್ಟೇ ಸರಿ ಅಂತ ಹೇಳುತ್ತೇನೆ. ನೈಟ್ರೋಜನ್ ಹಾಕಿಸಿ, ಗಾಳಿ ಏರುವುದಿಲ್ಲ.

ಖಾನಾಪುರ ರೋಡ್:
3,86,000 ಭಾಗಿಸು ಎರಡು. ದಿನಕ್ಕೆ 1,93,000. ಡಾಕ್ಟರ್ ಸಾಹೇಬರೇ, ಅಷ್ಟಕ್ಕೆ ಮೊಪೆಡ್ಡೇ ಬರುತ್ತಿತ್ತು.

ನೈಟ್ರೋಜನ್ ಬಗ್ಗೆ ಸ್ವಲ್ಪ ತಡೆಯಿರಿ. ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಬಿಸಿಯಾದರೆ ಅದೂ ಏರುತ್ತದೆ, ಇದೂ ಏರುತ್ತದೆ. ನಮ್ಮ ಅಪ್ಪನ ಟೈರ್ ಅಂಗಡಿಯಲ್ಲೇ ನೈಟ್ರೋಜನ್ ಮಷೀನ್ ಇದೆ, ಆದರೂ ಹೇಳುತ್ತಿದ್ದೇನೆ. ಮನೆ ಮಗ ಹೇಳಿದ್ದಕ್ಕಾದರೂ ನಂಬಿ.

ವಿಜಯಪುರ ಡಾಕ್ಟರ್:
ಸಾದಾ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಅಂಶ ಇರುತ್ತದೆ. ಬಿಸಿಗೆ ಆವಿಯಾಗಿ ಜಾಸ್ತಿ ಏರುತ್ತದೆ. ಇದು ಪಿಯುಸಿ ಫಿಸಿಕ್ಸ್.

ಖಾನಾಪುರ ರೋಡ್:
ಹಾಗಾದರೆ ಒಣ ಗಾಳಿ ಸಾಕಲ್ವಾ? 'ಏರುವುದಿಲ್ಲ' ಅಂದವರು ನೀವು. ಈಗ 'ಜಾಸ್ತಿ ಏರುತ್ತದೆ'ಗೆ ಬಂದಿರಿ.

ಬಾಗಲಕೋಟೆ ಟಿಎಸ್‌ಐ:
ನಾನು ಪೆಟ್ರೋಲ್ ಬಂಕ್‌ನ ಪುಕ್ಕಟೆ ಗಾಳಿ ಹಾಕಿದೆ. ಎರಡು ಪಂಕ್ಚರ್ ಬತ್ತಿ ಹಾಕಿದ ಹಿಂದಿನ ಟೈರ್‌ನಲ್ಲೇ ಇಡೀ ದಿನ ಓಡಿಸಿದೆ. ಬದುಕಿದ್ದೇನೆ.

ಖಾನಾಪುರ ರೋಡ್:
ಬತ್ತಿ ಹಾಕಿದ ಟೈರ್‌ನಲ್ಲಿ ಟ್ರ್ಯಾಕ್‌ಗೆ ಇಳಿಯುವವರ ಮಾತನ್ನು ದಯವಿಟ್ಟು ಯಾರೂ ಕೇಳಬೇಡಿ. ಬಾಗಿಲ ಮುಂದೆ ಬಂದ ಎಷ್ಟೋ ಟೈರ್ ನೋಡಿದ್ದೇನೆ. ನಿಮ್ಮ 31,450ರಲ್ಲಿ ಪೆಟ್ರೋಲ್ ಎಲ್ಲಿ, ಟ್ರ್ಯಾಕ್ ಫೀ ಎಲ್ಲಿ? ಬೋಳಾದ ಎರಡು ಟೈರ್ ಬದಲಿಸಿದ ದುಡ್ಡು ಎಲ್ಲಿ?

ತಿಲಕವಾಡಿಯವರೇ, ಜನವರಿ ಅಂದರೆ ಕಬ್ಬಿನ ಸೀಸನ್. ಅಂಗಡಿಯಲ್ಲಿ ಈ ತಿಂಗಳುಗಳಲ್ಲಿ ನಾವು ಕೀಳುವುದರಲ್ಲಿ ಅರ್ಧ ಎತ್ತಿನ ಲಾಳದ ಮೊಳೆ. ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ ಇಲ್ಲ. ಇನ್ನೊಂದು, ಎರಡು ಸೀಟಿನ ಗಾಡಿಯಲ್ಲಿ ಬೇರೆ ಸೆಟ್ ಎಲ್ಲಿ ಇಟ್ಟುಕೊಂಡು ಹೋಗುತ್ತೀರಿ? ತಲೆ ಮೇಲೆ?

ಬಾಗಲಕೋಟೆ ಟಿಎಸ್‌ಐ:
ಬೋಳಾದದ್ದನ್ನು ರಿಮ್ಮಿನಿಂದ ಬಿಚ್ಚಿ ಒಳಗಿನ ಅಂಚು ಹೊರಗೆ ಬರುವ ಹಾಗೆ ತಿರುಗಿಸಿ ಹಾಕಿಸಿದೆ. ಡೈರೆಕ್ಷನಲ್ ಟೈರ್ (ಒಂದೇ ದಿಕ್ಕಿಗೆ ತಿರುಗಬೇಕಾದದ್ದು), ಹಾಗಾಗಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಇನ್ನೂ 9,000 ಕಿ.ಮೀ. ಓಡಿತು. ಅಂಗಡಿ ಮಗನಿಗೆ ಇದು ಗೊತ್ತಿರಬೇಕಿತ್ತು.

ವಿಜಯಪುರ ಡಾಕ್ಟರ್:
ಸೆಟ್ಟನ್ನು ಟ್ರಾನ್ಸ್‌ಪೋರ್ಟ್ ಲಾರಿಗೆ ಹಾಕಿ ಮೊದಲೇ ಕಳಿಸಬೇಕು. ನಾನು ಎರಡನೇ ಸಲ ಹಾಗೇ ಮಾಡಿದೆ. ಮೂರು ಮುಟ್ಟಿದವು. ನಾಲ್ಕನೆಯದು ಒಂದು ದಿನ ತಡವಾಗಿ, ಟ್ರ್ಯಾಕ್ ಡೇ ಮುಗಿದ ಮೇಲೆ ಬಂತು. ಹೋಟೆಲ್ ರೂಮಿನಲ್ಲಿ ಮೂರು ಚಕ್ರ ಇಟ್ಟುಕೊಂಡು ಮಲಗಿದ್ದೆ.

ಉದ್ಯಮಬಾಗ ಎರಕ:
ಎಲ್ಲರೂ ಗಾಳಿ ಹಿಡಿದುಕೊಂಡು ಕೂತಿರಿ. ವ್ಹೀಲ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಡಾಕ್ಟರ್ ಸಾಹೇಬರೇ, ನಿಮ್ಮ 1,60,000ದ ಸೆಟ್ ಎರಕದ್ದಾ, ಫೋರ್ಜ್ ಮಾಡಿದ್ದಾ (ಒತ್ತಿ ರೂಪಿಸಿದ್ದಾ)? ತೂಕ ಎಷ್ಟು? ಚಕ್ರದ ತೂಕ ಸ್ಪ್ರಿಂಗ್ ಕೆಳಗಿನ ತೂಕ. ಅಲ್ಲಿ ಒಂದು ಕೆ.ಜಿ. ಇಳಿಸಿದರೆ ಗುಂಡಿಯ ಮೇಲೂ ಬ್ರೇಕ್‌ನಲ್ಲೂ ಗೊತ್ತಾಗುತ್ತದೆ.

ಖಾನಾಪುರ ರೋಡ್:
ಕಾಕಾ, ನಿಮ್ಮ ಫೌಂಡ್ರಿಯಲ್ಲಿ ಹೊಯ್ಯುವುದು ಪಂಪಿನ ಬೀಡು ಕಬ್ಬಿಣ. ಅಲ್ಯೂಮಿನಿಯಂ ವ್ಹೀಲ್ ಬಗ್ಗೆ ಇಷ್ಟು ಭಾಷಣ ಯಾಕೆ?

ಉದ್ಯಮಬಾಗ ಎರಕ:
ಬೀಡು ಹೊಯ್ಯುವವನಿಗೆ ಬ್ಲೋ ಹೋಲ್ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ನಿನ್ನಂಥವರ ಅಂಗಡಿಯವರೇ ನನ್ನ ವಾಲ್ವ್ ಎರಡು ಸಲ ಬದಲಿಸಿದ್ದು. ಬೆಳಗಾವಿಯ ಎರಕ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಕೇಳಿ ನೋಡು. ಆಮೇಲೆ ಮಾತಾಡು.

ಖಾನಾಪುರ ರೋಡ್:
ನಮ್ಮ ಅಂಗಡಿ ಅಂತ ನಾನು ಹೇಳಿಲ್ಲ, ನೀವೂ ಹೇಳಬೇಡಿ. ನೀರಿನ ತೊಟ್ಟಿ ನಮ್ಮಲ್ಲೂ ಇದೆ.

ತಿಲಕವಾಡಿ ಕೇಮನ್:
ಎಲ್ಲರಿಗೂ ಥ್ಯಾಂಕ್ಸ್. 18ಆ 19ಆ ಅಂತ ಮಾತ್ರ ಇನ್ನೂ ತಿಳಿಯಲಿಲ್ಲ. ಬೇರೆ ಸೆಟ್ ಒಯ್ಯಲು ಆಗುವುದಿಲ್ಲ, ಅದು ಖಾನಾಪುರ ರೋಡಿನವರು ಹೇಳಿದ ಮೇಲೆ ಹೊಳೆಯಿತು. ಹಾಗಾದರೆ ಪೈಲಟ್ ಸ್ಪೋರ್ಟ್ 4ಎಸ್ ಥರದ, 300 ಟ್ರೆಡ್‌ವೇರ್‌ನ ರೋಡ್ ಟೈರ್ ಒಂದೇ ಸೆಟ್ ಸಾಕಾ?

ವಿಜಯಪುರ ಡಾಕ್ಟರ್:
ಸಾಕು, ಆದರೆ 180 ಒಮ್ಮೆ ಓಡಿಸಿದ ಮೇಲೆ 300 ಸಪ್ಪೆ.

ಖಾನಾಪುರ ರೋಡ್:
ಟ್ರೆಡ್‌ವೇರ್ ನಂಬರ್ ಕೊಡುವುದು ಟೈರ್ ಮಾಡಿದವರೇ. ಒಂದು ಕಂಪನಿಯ 300 ಇನ್ನೊಂದರ 240 ಇರಬಹುದು. ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಮಾತ್ರ ಸರಿ. ಎನ್ ಮಾರ್ಕ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನಾಲ್ಕೂ ಒಂದೇ ಮಾಡೆಲ್ ಇರಲಿ, ಡಾಟ್ ನಂಬರ್ ಅಂಗಡಿಯಲ್ಲೇ ಓದಿ. ಹಳೆ ಸ್ಟಾಕ್ ದಾಟಿಸುತ್ತಾರೆ. ನಮ್ಮಲ್ಲಿ ಅಲ್ಲ.

ಬಾಗಲಕೋಟೆ ಟಿಎಸ್‌ಐ:
ಗೇಜ್ ತಗೊಂಡಿರಾ?

ಉದ್ಯಮಬಾಗ ಎರಕ:
ತಿಲಕವಾಡಿಯವರೇ, 18ಕ್ಕೆ ಇಳಿಯಿರಿ. ಟೈರಿನ ಗೋಡೆ ಎತ್ತರ ಇರುತ್ತದೆ, ನಮ್ಮ ರೋಡಿಗೆ ಒಳ್ಳೆಯದು, ಟೈರೂ ಅಗ್ಗ. ಒಂದು ಮಾತು. ಮಗಳ ಅಡ್ಮಿಷನ್ ಇದೆ. ಆ ಫ್ಲೋ ಫಾರ್ಮ್ ಸೆಟ್ ಮಂಚದ ಕೆಳಗೆ ಇದೆ. ಒಂದೇ ಸೀಸನ್ ಓಡಿದ್ದು, ಒಂದು ಗೀರೂ ಇಲ್ಲ. ನಿಮಗೆ ಅಂತ 85,000. ರಿಂಗ್ ಪುಕ್ಕಟೆ.

ಖಾನಾಪುರ ರೋಡ್:
ಸಾಯುವವರೆಗೂ ಮಾರುವುದಿಲ್ಲ ಅಂದಿದ್ದಿರಿ, ಕಾಕಾ.

ಉದ್ಯಮಬಾಗ ಎರಕ:
ನಿನಗೆ ಮಾರುತ್ತಿಲ್ಲ.

ತಿಲಕವಾಡಿ ಕೇಮನ್:
ಸರ್, ಅದರ ಪಿಸಿಡಿ ಎಷ್ಟು?

ಉದ್ಯಮಬಾಗ ಎರಕ:
112.

ತಿಲಕವಾಡಿ ಕೇಮನ್:
ನನ್ನದು 130 ಸರ್. ಮೇಲೆ ಬರೆದಿದ್ದೆ.