‘ದಟ್’ ಬಂದಲ್ಲೆಲ್ಲ ನೌನ್ ಕ್ಲಾಝ್ ಅಲ್ವಾ? ಗೊತ್ತುಮಾಡೋದು ಹೇಗೆ?

ಮೂಲ್ಕಿ_ಹುಡುಗಿ:
ನಮಸ್ಕಾರ ಎಲ್ಲರಿಗೂ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಮಂಗ್ಳೂರಲ್ಲಿ ಬಿ.ಎಡ್. ಮಾಡ್ತಾ ಇದ್ದೇನೆ. ಮುಂದಿನ ವಾರ ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ನೌನ್ ಕ್ಲಾಝ್ (ವಾಕ್ಯದೊಳಗೆ ನಾಮಪದದ ಕೆಲಸ ಮಾಡುವ ಉಪವಾಕ್ಯ) ಪಾಠ ಮಾಡ್ಲಿಕ್ಕುಂಟು, ಲೆಸನ್ ಪ್ಲಾನ್ ಬರೀಲಿಕ್ಕೆ ಕೂತಾಗ ನಂಗೇ ಸರಿ ಗೊತ್ತಿಲ್ಲ ಅಂತ ಗೊತ್ತಾಯ್ತು. ನಾವು ಶಾಲೆಯಲ್ಲಿರುವಾಗ ‘ದಟ್’ ಬಂದ್ರೆ ನೌನ್ ಕ್ಲಾಝ್, ‘ಹೂ’, ‘ವಿಚ್’ ಬಂದ್ರೆ ಅಡ್ಜೆಕ್ಟಿವ್ ಕ್ಲಾಝ್ (ನಾಮಪದವನ್ನು ವಿವರಿಸುವಂಥದ್ದು), ‘ವೆನ್’, ‘ಇಫ್’ ಬಂದ್ರೆ ಅಡ್ವರ್ಬ್ ಕ್ಲಾಝ್ (ಯಾವಾಗ, ಎಲ್ಲಿ, ಯಾಕೆ ಅಂತೆಲ್ಲ ಹೇಳುವಂಥದ್ದು) ಅಂತ ಬಾಯಿಪಾಠ ಮಾಡಿಸಿದ್ರು, ಪರೀಕ್ಷೆಗೆ ಅಷ್ಟೇ ಸಾಕಾಯ್ತು. ಈಗ ಈ ಎರಡು ವಾಕ್ಯ ನೋಡಿ.

‘ದ ನ್ಯೂಸ್ ದಟ್ ಹಿ ಬ್ರಾಟ್ ವಾಸ್ ಫಾಲ್ಸ್.’
‘ದ ನ್ಯೂಸ್ ದಟ್ ದ ಬೋಟ್ ಸ್ಯಾಂಕ್ ವಾಸ್ ಫಾಲ್ಸ್.’

ಎರಡರಲ್ಲೂ ‘ನ್ಯೂಸ್ ದಟ್’ ಉಂಟು, ಆದ್ರೆ ಉತ್ತರದಲ್ಲಿ ಮೊದಲನೆಯದ್ದು ಅಡ್ಜೆಕ್ಟಿವ್, ಎರಡನೆಯದ್ದು ನೌನ್ ಅಂತ ಕೊಟ್ಟಿದ್ದಾರೆ. ಯಾಕೆ ಅಂತ ಎಲ್ಲೂ ಬರೆದಿಲ್ಲ. ಮಕ್ಕಳು ಕೇಳಿದ್ರೆ ಎಂತ ಹೇಳುವುದು? ‘ಅದು ಹಾಗೇ’ ಅಂತ ಹೇಳಿ ತಪ್ಪಿಸಿಕೊಳ್ಳಲಿಕ್ಕೆ ನಂಗೆ ಮನಸ್ಸಿಲ್ಲ.

ಕಡಲ_ಕರೆ:
ಸುಲಭದ ದಾರಿ ಒಂದುಂಟು. ಡೌಟ್ ಇರುವ ಕ್ಲಾಝ್ ಪೂರ್ತಿ ತೆಗೆದು ಆ ಜಾಗದಲ್ಲಿ ‘ಸಮ್‌ಥಿಂಗ್’ ಅಂತ ಹಾಕಿ ನೋಡಿ. ‘ಐ ನೋ ದಟ್ ಹಿ ಇಸ್ ಇಲ್’, ಅದು ‘ಐ ನೋ ಸಮ್‌ಥಿಂಗ್’ ಆಗ್ತದೆ, ವಾಕ್ಯ ನಿಲ್ತದೆ, ಹಾಗಾದ್ರೆ ನೌನ್. ‘ವಾಟ್ ಹಿ ಸೆಡ್ ವಾಸ್ ಟ್ರೂ’, ಅದು ‘ಸಮ್‌ಥಿಂಗ್ ವಾಸ್ ಟ್ರೂ’, ಅದೂ ನೌನ್. ‘ಇಟ್ ಡಿಪೆಂಡ್ಸ್ ಆನ್ ವಾಟ್ ಹಿ ಸೇಸ್’ ಇದ್ರೂ ಅಷ್ಟೇ. ಬ್ಯಾಂಕ್ ಪರೀಕ್ಷೆಗೆ ಓದುವಾಗ ನಾನು ಇದ್ರಲ್ಲೇ ಸುಧಾರಿಸಿದ್ದು.

ಮೂಲ್ಕಿ_ಹುಡುಗಿ:
ಥ್ಯಾಂಕ್ಸ್ ಅಣ್ಣ. ಆದ್ರೆ ನನ್ನ ಎರಡನೇ ವಾಕ್ಯಕ್ಕೆ ಹಾಕಿದ್ರೆ ‘ದ ನ್ಯೂಸ್ ಸಮ್‌ಥಿಂಗ್ ವಾಸ್ ಫಾಲ್ಸ್’ ಆಗ್ತದಲ್ಲ, ವಾಕ್ಯ ನಿಲ್ಲುದಿಲ್ಲ. ಮತ್ತೆ ಅದು ಹೇಗೆ ನೌನ್?

ಉಡುಪಿ_ಮಾಸ್ಟ್ರು:
ತಂಗೀ, ನಾನು 31 ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸಿದವ, ಈಗ ರಿಟೈರ್ಡ್. ನೀವು ಕೇಳಿದ ಪ್ರಶ್ನೆ ಒಳ್ಳೆದು, ಅದಕ್ಕೆ ಉತ್ತರ ನಿಮ್ಮ ಬಾಯಲ್ಲೇ ಉಂಟು. ಎರಡೂ ವಾಕ್ಯವನ್ನು ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಿ ನೋಡಿ. ಮೊದಲನೆಯದ್ದು ‘ಅವ ತಂದ ಸುದ್ದಿ ಸುಳ್ಳು’. ಎರಡನೆಯದ್ದು ‘ಬೋಟ್ ಮುಳುಗಿತು ಅನ್ನುವ ಸುದ್ದಿ ಸುಳ್ಳು’. ಕಾಣ್ತದಾ? ಇಂಗ್ಲಿಷಿನವರು ಎರಡಕ್ಕೂ ಒಂದೇ ‘ದಟ್’ ಹಾಕಿದ್ದಾರೆ, ನಾವು ಹಾಗೆ ಮಾಡುದಿಲ್ಲ, ‘ತಂದ’ ಅಂತ ನೇರ ಹೋಗಿ ಸುದ್ದಿಗೆ ಅಂಟಿಕೊಂಡ್ರೆ ಅದು ಯಾವ ಸುದ್ದಿ ಅಂತ ಹೇಳುವ ಕೆಲಸ, ಅಂದ್ರೆ ಅಡ್ಜೆಕ್ಟಿವ್. ನಡುವೆ ‘ಅನ್ನುವ’ ಅಥವಾ ‘ಎಂಬ’ ಬಂತು ಅಂದ್ರೆ ಆ ಕ್ಲಾಝೇ ಸುದ್ದಿಯ ಹೊಟ್ಟೆಯೊಳಗಿನ ವಿಷಯ, ಸುದ್ದಿ ಬೇರೆ ಅಲ್ಲ ಬೋಟ್ ಮುಳುಗಿದ್ದು ಬೇರೆ ಅಲ್ಲ. ಇದಕ್ಕೆ ಅಪೊಸಿಶನ್ ಅಂತ ಹೆಸರು. ಇಲ್ಲಿ ‘ಸಮ್‌ಥಿಂಗ್’ ಕೆಲಸ ಮಾಡುದಿಲ್ಲ ಯಾಕಂದ್ರೆ ನೌನಿನ ಜಾಗದಲ್ಲಿ ‘ನ್ಯೂಸ್’ ಮೊದಲೇ ಕೂತಿದೆ.

ಕನ್ನಡ ಬೇಡ, ಇಂಗ್ಲಿಷಲ್ಲೇ ತೋರಿಸಿ ಅಂತ ನಿಮ್ಮ ಸುಪರ್‌ವೈಸರ್ ಹೇಳಿದ್ರೆ ಹೀಗೆ ಮಾಡಿ. ‘ದಟ್’ ತೆಗೆದು ಉಳಿದದ್ದನ್ನು ಓದಿ. ‘ಹಿ ಬ್ರಾಟ್’, ಎಂತ ತಂದ? ಅರ್ಧದಲ್ಲಿ ನಿಂತಿತು, ಯಾಕಂದ್ರೆ ತಂದ ವಸ್ತುವಿನ ಜಾಗ ತುಂಬಿಸ್ತಾ ಇದ್ದದ್ದು ಆ ‘ದಟ್’. ‘ದ ಬೋಟ್ ಸ್ಯಾಂಕ್’, ಇದು ಪೂರ್ತಿ ವಾಕ್ಯ, ಇಲ್ಲಿ ‘ದಟ್’ ಬರೀ ಕೊಂಡಿ. ಮತ್ತೆ ‘ದ ನ್ಯೂಸ್ ಇಸ್ ದಟ್ ದ ಬೋಟ್ ಸ್ಯಾಂಕ್’ ಅಂತ ಹೇಳ್ಲಿಕ್ಕೆ ಬರ್ತದೆ, ‘ದ ನ್ಯೂಸ್ ಇಸ್ ದಟ್ ಹಿ ಬ್ರಾಟ್’ ಅಂತ ಬರುದಿಲ್ಲ.

ಇನ್ನು ‘ವೆನ್’, ‘ಇಫ್’ ಬಂದ್ರೆ ಅಡ್ವರ್ಬ್ ಅಂತ ಬಾಯಿಪಾಠ ಮಾಡಿಸಿದ್ದು ಉಂಟಲ್ಲ, ಅದನ್ನು ದಯವಿಟ್ಟು ಮಕ್ಕಳಿಗೆ ದಾಟಿಸಬೇಡಿ. ‘ಟೆಲ್ ಮಿ ಇಫ್ ಇಟ್ ರೇನ್ಸ್’ ತಗೊಳ್ಳಿ. ಮೇ ತಿಂಗಳಲ್ಲಿ ಅಂಗಳದಲ್ಲಿ ಚಾಪೆ ಹಾಕಿ ಹಲಸಿನ ಹಪ್ಪಳ ಒಣಗಿಸ್ಲಿಕ್ಕೆ ಇಟ್ಟಿರ್ತಾರೆ, ಅಮ್ಮ ಒಳಗೆ ಹೋಗುವಾಗ ಜಗಲಿಯಲ್ಲಿ ಕೂತ ಹುಡುಗನಿಗೆ ‘ಮಳೆ ಬಂದ್ರೆ ಹೇಳು’ ಅಂತಾರೆ. ಮಳೆ ಬಾರದಿದ್ರೆ ಅವ ಬಾಯಿ ತೆರೆಯುವ ಅಗತ್ಯವೇ ಇಲ್ಲ. ಇದು ಕಂಡೀಶನ್, ಅಡ್ವರ್ಬ್ ಕ್ಲಾಝ್. ಅದೇ ಅಮ್ಮ ಹಪ್ಪಳ ಹಾಕುವ ಮೊದಲು ಮೊಬೈಲ್ ಹಿಡಿದ ಮಗನ ಹತ್ರ ‘ಇವತ್ತು ಮಳೆ ಬರ್ತದಾ ಇಲ್ವಾ ಅಂತ ನೋಡಿ ಹೇಳು’ ಅಂದ್ರೆ? ಈಗ ಅವ ಬರ್ತದೆ ಅಂತಾದ್ರೂ ಇಲ್ಲ ಅಂತಾದ್ರೂ ಹೇಳಲೇಬೇಕು. ಇದು ನೌನ್ ಕ್ಲಾಝ್, ‘ಟೆಲ್’ಗೆ ಆಬ್ಜೆಕ್ಟ್. ಇಂಗ್ಲಿಷಲ್ಲಿ ಎರಡಕ್ಕೂ ಅದೇ ‘ಇಫ್’ ನಡೀತದೆ. ಆದ್ರೆ ನೌನ್ ಆದಾಗ ಮಾತ್ರ ‘ಇಫ್’ ತೆಗೆದು ‘ವೆದರ್’ ಹಾಕ್ಲಿಕ್ಕೆ ಆಗ್ತದೆ, ‘ಇಫ್ ಇಟ್ ವಿಲ್ ರೇನ್’ ಅಂತ ‘ವಿಲ್’ ಸೇರಿಸ್ಲಿಕ್ಕೂ ಆಗ್ತದೆ. ಹಪ್ಪಳ ಕಾಯುವ ಹುಡುಗನ ವಾಕ್ಯಕ್ಕೆ ‘ವಿಲ್’ ಹಾಕಿದ್ರೆ ಅರ್ಥವೇ ಬದಲಾಗ್ತದೆ.

ಬಂದರು_ಗಲ್ಲಿ:
ಮಾಸ್ಟ್ರೇ, ಓದಿ ತುಂಬಾ ಖುಷಿ ಆಯ್ತು. ತುಳುವಲ್ಲೂ ಹಾಗೇ ಉಂಟು, ‘ಆಯೆ ಬರ್ಪೆ ಪಂದ್ ಎಂಕ್ ಗೊತ್ತುಂಡು’ ಅಂದ್ರೆ ‘ಅವ ಬರ್ತಾನೆ ಅಂತ ನಂಗೆ ಗೊತ್ತುಂಟು’, ನಮ್ಮ ‘ಅಂತ’ದ ಹಾಗೆ ಆ ‘ಪಂದ್’ ಬಂದಲ್ಲಿ ನೌನ್ ಕ್ಲಾಝ್. ಕೊಂಕಣಿಯಲ್ಲಿ ‘ಮ್ಹಣ್’. ನಮ್ಮ ಕಡೆ ಕ್ಲಾಸಲ್ಲಿ ಈ ಮೂರು ಭಾಷೆಯ ಮಕ್ಕಳೂ ಇರ್ತಾರೆ, ಅವರವರ ಭಾಷೆಯಲ್ಲೇ ಹೇಳಿಸಿದ್ರೆ ಬೇಗ ಹತ್ತುತ್ತದೆ.

ಆದ್ರೆ ಒಂದು ಕಡೆ ಜಾಗ್ರತೆ ಬೇಕು. ‘ಅಂತ’ ಕಂಡ ಕೂಡ್ಲೇ ನೌನ್ ಅಂತ ಬರೆಯುವ ಹಾಗಿಲ್ಲ. ‘ಮಳೆ ಬರ್ತದೆ ಅಂತ ಕೊಡೆ ತಂದೆ’, ಇಲ್ಲಿ ‘ಅಂತ’ ಉಂಟು ಆದ್ರೆ ಅದು ಯಾಕೆ ತಂದೆ ಅನ್ನುವುದಕ್ಕೆ ಉತ್ತರ, ಇಂಗ್ಲಿಷಲ್ಲಿ ‘ಬಿಕಾಸ್’ ಬರ್ತದೆ. ‘ಮಗು ಏಳದಿರ್ಲಿ ಅಂತ ಮೆಲ್ಲ ಮಾತಾಡಿದೆವು’, ಅಲ್ಲಿ ‘ಸೋ ದಟ್’. ಎರಡೂ ಅಡ್ವರ್ಬ್. ಅದಕ್ಕೆ ‘ಅಂತ’ ಸಿಕ್ಕಿದ ಮೇಲೆ ‘ಎಂತದನ್ನು?’ ಅಂತ ಕೇಳ್ಬೇಕು, ‘ಯಾಕೆ?’ಗೆ ಉತ್ತರ ಬಂದ್ರೆ ನೌನ್ ಅಲ್ಲ. ನನ್ನ ಮಗಳು ಇದ್ರಲ್ಲೇ ತಪ್ಪಿದ್ದು, ಹಾಗಾಗಿ ಹೇಳಿದೆ.

ಉಡುಪಿ_ಮಾಸ್ಟ್ರು:
ಸರಿಯಾದ ಮಾತು, ನಾನು ಹೇಳ್ಬೇಕಿತ್ತು, ಬಿಟ್ಟುಹೋಯ್ತು. ಇನ್ನೊಂದು ಪರೀಕ್ಷೆ ಸೇರಿಸ್ತೇನೆ, ನಮ್ಮ ವಿಭಕ್ತಿ. ನಾಮಪದಕ್ಕೆ ಹತ್ತುವ ಪ್ರತ್ಯಯ ಕ್ಲಾಝಿಗೂ ಹತ್ತಿದ್ರೆ ಅದು ನಾಮಪದದ ಕೆಲಸವೇ ಮಾಡ್ತಾ ಉಂಟು. ‘ಅವ ಹೇಳಿದ್ದು ನಿಜ’, ‘ಅವ ಹೇಳಿದ್ದನ್ನು ನಂಬ್ಬೇಡ’, ‘ಅವ ಹೇಳೋದರ ಮೇಲೆ ಹೋಗ್ತದೆ’. ಸಬ್ಜೆಕ್ಟ್, ಆಬ್ಜೆಕ್ಟ್, ಪ್ರಿಪೊಸಿಶನ್ನಿನ ಆಬ್ಜೆಕ್ಟ್, ಮೂರೂ ಬಂತು ನೋಡಿ.

ಮೂಲ್ಕಿ_ಹುಡುಗಿ:
ನಿನ್ನೆ ರಾತ್ರಿ ಇದನ್ನೆಲ್ಲ ನೋಟ್ಸ್ ಮಾಡಿ, ಬೆಳಿಗ್ಗೆ ಬಸ್ಸಲ್ಲಿ ಹಂಪನಕಟ್ಟೆಗೆ ಬರುವವರೆಗೆ ‘ವೇರ್’ ಹಿಡ್ಕೊಂಡು ಪ್ರಯತ್ನ ಮಾಡಿದೆ. ‘ಐ ನೋ ವೇರ್ ಯು ಲಿವ್’, ನೀನು ಎಲ್ಲಿರ್ತಿ ಅಂತ ಗೊತ್ತುಂಟು, ನೌನ್. ‘ದ ಹೌಸ್ ವೇರ್ ಯು ಲಿವ್’, ನೀನು ಇರುವ ಮನೆ, ಅಡ್ಜೆಕ್ಟಿವ್. ‘ಸ್ಟೇ ವೇರ್ ಯು ಆರ್’, ಇದ್ದಲ್ಲೇ ಇರು, ಅಡ್ವರ್ಬ್. ಸರಿ ಅಲ್ವಾ ಸರ್? ಮತ್ತೆ ‘ಐ ಆಮ್ ಗ್ಲ್ಯಾಡ್ ದಟ್ ಯು ಕೇಮ್’ ಎಂತ?

ಉಡುಪಿ_ಮಾಸ್ಟ್ರು:
ಮೂರೂ ಸರಿ. ‘ಗ್ಲ್ಯಾಡ್’ ವಿಷಯದಲ್ಲಿ ಪುಸ್ತಕ ಪುಸ್ತಕಕ್ಕೆ ವ್ಯತ್ಯಾಸ ಉಂಟು. ‘ಬಂದದ್ದಕ್ಕೆ ಖುಷಿ’, ಅಂದ್ರೆ ಕಾರಣ, ಹಾಗಾಗಿ ಅಡ್ವರ್ಬ್ ಅಂತ ಕೆಲವರು ಹೇಳ್ತಾರೆ, ಅಡ್ಜೆಕ್ಟಿವನ್ನು ಪೂರ್ತಿ ಮಾಡುವ ನೌನ್ ಕ್ಲಾಝ್ ಅಂತ ಇನ್ನು ಕೆಲವರು. ಎರಡಕ್ಕೂ ಆಧಾರ ಉಂಟು. ಪರೀಕ್ಷೆಗೆ ಮಕ್ಕಳ ಟೆಕ್ಸ್ಟ್‌ಬುಕ್ ಹೇಗೆ ಹೇಳ್ತದೋ ಹಾಗೆ, ಆದ್ರೆ ಮೊದಲ ದಿನದ ಪಾಠದಲ್ಲಿ ಅದನ್ನು ತರಬೇಡಿ.

ಒಂದು ಮಾತ್ರ ಮೊದಲ ದಿನವೇ ತಿದ್ದಿ. ನಮ್ಮ ಮಕ್ಕಳು ‘ಐ ಡೋಂಟ್ ನೋ ವೇರ್ ಇಸ್ ಹಿ’ ಅಂತ ಬರೀತಾರೆ. ಕನ್ನಡದಲ್ಲಿ ‘ಅವ ಎಲ್ಲಿದ್ದಾನೆ’ ಅಂತ ಪ್ರಶ್ನೆ ಕೇಳಿದ್ರೂ, ‘ಅವ ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಅಂದ್ರೂ ಶಬ್ದಗಳ ಕ್ರಮ ಒಂದೇ, ಹಾಗಾಗಿ ಅವರಿಗೆ ತಪ್ಪು ಅಂತ ಅನಿಸುದೇ ಇಲ್ಲ. ಇಂಗ್ಲಿಷಲ್ಲಿ ಪ್ರಶ್ನೆ ನೌನ್ ಕ್ಲಾಝ್ ಆದ ಕೂಡ್ಲೇ ‘ವೇರ್ ಹಿ ಇಸ್’ ಅಂತ ತಿರುಗ್ಬೇಕು. ಬೈಯದೆ ಇಷ್ಟು ವಿವರಿಸಿ, ಹಿಡ್ಕೊಳ್ತಾರೆ.

ಮೂಲ್ಕಿ_ಹುಡುಗಿ:
ಆಯ್ತು ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆಸನ್ ಪ್ಲಾನಿನ ಮೊದಲ ಪುಟ ಹರಿದು ಹೊಸತು ಬರೆದೆ. ಡೆಫಿನಿಶನ್ ಆಮೇಲೆ. ಬೋರ್ಡಿನಲ್ಲಿ ಮೊದಲು ‘ಟೆಲ್ ಮಿ ಇಫ್ ಇಟ್ ರೇನ್ಸ್’ ಬರೆದು ಕೆಳಗೆ ಎರಡು ಗೆರೆಯ ಜಾಗ ಬಿಡ್ತೇನೆ, ಹಪ್ಪಳದ ಕತೆ ಹೇಳಿ, ಎರಡು ಅರ್ಥವನ್ನೂ ಮಕ್ಕಳೇ ಬಂದು ಬರೀಲಿ. ಬುಧವಾರ ಕ್ಲಾಸ್, ಮುಗಿಸಿ ಬಂದು ಇಲ್ಲೇ ಹೇಳ್ತೇನೆ.